ಪ್ರಶ್ನೆಯ ಅಂಕಣ

ಪೊಲೀಸ್ ಠಾಣೆಯ ರೈಟರ್ ಮೂವತ್ತು ವರ್ಷಗಳಿಂದ ವಿಚಾರಣೆಯ ಹಾಳೆಯನ್ನು ಹಿಂದುಮುಂದಾಗಿಯೇ ತುಂಬುತ್ತ ಬಂದವರು. ಪಕ್ಕದ ಕೋಣೆಯಲ್ಲಿ ಲಾಠಿಯ ಸದ್ದು ನಿಂತಮೇಲೆ ಮೊದಲು ಉತ್ತರ ಬರೆಯುತ್ತಿದ್ದರು. ಅದಕ್ಕೆ ಹೊಂದುವ ಪ್ರಶ್ನೆಯನ್ನು ಊಟ ಮುಗಿಸಿ ಬಂದು ತಾವೇ ಹೊಸೆಯುತ್ತಿದ್ದರು.

ಒಂದು ಬೆಳಿಗ್ಗೆ ಮನೆಯಲ್ಲಿ, ಇಂಗ್ಲಿಷ್ ಎಂ.ಎ. ಓದುವ ಮಗಳು ನಿಘಂಟು ಹಿಡಿದು ಕೂತಿದ್ದಳು.

"ಅಪ್ಪಾ, ನೀನು ದಿನಾ ಹೇಳ್ತೀಯಲ್ಲ ಇಂಟರಾಗೇಷನ್ ಅಂತ, ಅದು ಲ್ಯಾಟಿನ್‌ನಿಂದ ಬಂದಿದ್ದು. 'ಇಂಟರ್' ಅಂದ್ರೆ ನಡುವೆ, 'ರೊಗಾರೆ' ಅಂದ್ರೆ ಕೇಳೋದು. ಹೊಡೆಯೋದು ಎಲ್ಲೂ ಇಲ್ಲ ನೋಡು."

"ನಿಘಂಟು ಬರೆದೋನು ನಮ್ಮ ಠಾಣೆಗೆ ಬಂದಿರ್ಲಿಲ್ಲ ಬಿಡೇ," ಎಂದು ರೈಟರ್ ನಕ್ಕರು.

ಮಧ್ಯಾಹ್ನ ಕಳವಿನ ಗುಮಾನಿಯ ಮೇಲೆ ಬೀಗ ರಿಪೇರಿಯವನೊಬ್ಬನನ್ನು ಎಳೆತಂದರು. ಪಕ್ಕದ ಕೋಣೆಯ ಬಾಗಿಲು ಅಂದು ತೆರೆದೇ ಇತ್ತು. ಇನ್‌ಸ್ಪೆಕ್ಟರ್ ಅವನ ಬಲಗೈಯನ್ನು ಮೇಜಿಗೆ ಒತ್ತಿಹಿಡಿದು, ಲಾಠಿಯಿಂದ ಬೆರಳುಗಳನ್ನು ಒಂದೊಂದಾಗಿ ಜಜ್ಜಿದರು. ನಾಲ್ಕನೆಯ ಬೆರಳಿಗೆ ಅವನು, "ನಾನೇ ಕದ್ದೆ ಸ್ವಾಮಿ, ಕೈ ಬಿಡಿ," ಎಂದ. ಅಷ್ಟು ಹೊತ್ತೂ ಯಾರೂ ಅವನನ್ನು ಏನೂ ಕೇಳಿರಲಿಲ್ಲ.

"ಬರ್ಕೊಳ್ಳಿ ರೈಟ್ರೇ, ಜೈಲಿಗೆ ಕಳ್ಸೋಣ," ಎಂದರು ಇನ್‌ಸ್ಪೆಕ್ಟರ್, ಬೆವರೊರೆಸುತ್ತ.

ರೈಟರ್ ಉತ್ತರ ಬರೆದರು. ಊಟಕ್ಕೆ ಮಾತ್ರ ಏಳಲಿಲ್ಲ.

"ಪ್ರಶ್ನೆ ಏನಂತ ಬರೀಲಿ ಸಾರ್?"

"ಇಷ್ಟು ವರ್ಷ ಕೇಳದೋರು ಇವತ್ತೇನ್ರೀ? ನಿಮ್ಗೇ ಗೊತ್ತಲ್ಲ."

ಗೊತ್ತಿತ್ತು. ಪ್ರಶ್ನೆಯ ಅಂಕಣದಲ್ಲಿ ದುಂಡಗಿನ ಅಕ್ಷರದಲ್ಲಿ, 'ಲಾಠಿ. ಬಲಗೈಯ ನಾಲ್ಕು ಬೆರಳು,' ಎಂದು ಬರೆದರು. ಕೆಳಗೆ ತಮ್ಮ ರುಜು ಹಾಕಿ, ಹಾಳೆಯನ್ನು ಕೋರ್ಟಿಗೆ ಹೋಗುವ ಲಕೋಟೆಯಲ್ಲಿಟ್ಟು ಅಂಟಿಸಿದರು.