ವನಜತ್ತೆಯ ಬಿಳಿಯಂಚಿನ ಬಳ್ಳಿ

ಶಿಡ್ಲಘಟ್ಟದ ಸುತ್ತಲಿನ ಊರುಗಳಲ್ಲಿ ಮನೆಮಂದಿಗಿಂತ ರೇಷ್ಮೆ ಹುಳುಗಳಿಗೇ ಹೆಚ್ಚು ಮರ್ಯಾದೆ ಇದ್ದ ಕಾಲವದು. ನಾವು ಉಂಡೆವೋ ಬಿಟ್ಟೆವೋ, ಹುಳುವಿಗೆ ಮಾತ್ರ ಹೊತ್ತಿಗೆ ಸರಿಯಾಗಿ ಸೊಪ್ಪು ಬೀಳಬೇಕು. ಹುಳು ಪೊರೆ ಬಿಡುವ ದಿನಗಳಿಗೆ ಜ್ವರ ಎನ್ನುತ್ತಿದ್ದರು. ಹುಳು ಜ್ವರಕ್ಕೆ ಕೂತರೆ ನಮ್ಮ ಮನೆಯಲ್ಲಿ ಜೋರು ಒಗ್ಗರಣೆ ಇಲ್ಲ, ಜೋರು ಮಾತೂ ಇಲ್ಲ. ನೀವೂ ಅಂಥ ಮನೆಯಲ್ಲಿ ಬೆಳೆದವರಾದರೆ ಹಸಿ ಸೊಪ್ಪು, ಸುಣ್ಣ ಬೆರೆತ ಆ ವಾಸನೆ ಈಗಲೂ ನಿಮ್ಮ ಮೂಗಿನಲ್ಲಿರುತ್ತದೆ. ನನ್ನ ಮೂಗಿನಲ್ಲಿ ಅದರ ಜೊತೆ ಮಲ್ಲಿಗೆಯೂ ಇದೆ. ಅದು ವನಜತ್ತೆಯಿಂದ ಬಂದದ್ದು.

ವನಜತ್ತೆ ಅಪ್ಪನ ತಂಗಿ. ಚಿಂತಾಮಣಿಗೆ ಕೊಟ್ಟಿದ್ದರು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಮೊದಲ ಹೆರಿಗೆಗೆಂದು ತವರಿಗೆ ಬಂದಳು. ಹೆಣ್ಣು ಮಗು, ಆಸ್ಪತ್ರೆಯಲ್ಲಿ ಉಸಿರಿಲ್ಲದೆಯೇ ಹುಟ್ಟಿತು. ಅದನ್ನು ಅವಳಿಗೆ ತೋರಿಸುವುದು ಬೇಡವೆಂದು ಅಜ್ಜಿ ತೀರ್ಮಾನಿಸಿಬಿಟ್ಟಳು. ಅತ್ತೆಗೆ ಸರಿಯಾಗಿ ಎಚ್ಚರವಾಗುವುದರೊಳಗೆ ಅಪ್ಪ ಮಗುವನ್ನು ಊರಿಗೆ ತಂದು, ಹಿಪ್ಪುನೇರಳೆ ತೋಟದ ಬದುವಿನಲ್ಲಿ ಮಣ್ಣು ಮಾಡಿಯಾಗಿತ್ತು.

ಅತ್ತೆ ಬರಿಗೈಯಲ್ಲಿ ಮನೆಗೆ ಬಂದಳು. ಮಗುವಿಲ್ಲದಿದ್ದರೂ ಬಾಣಂತನ ನಡೆಯಿತು. ಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ, ಸಾಂಬ್ರಾಣಿ ಹೊಗೆ. ಹಾಲು ಬತ್ತಲೆಂದು ಅಜ್ಜಿ ಅವಳ ಎದೆಗೆ ಮಲ್ಲಿಗೆ ಹೂ ಕಟ್ಟುತ್ತಿದ್ದಳು. ಹೂವು ತಲೆಗೆ ಮುಡಿಯೋದಲ್ವಾ ಎಂದು ಕೇಳಿ ನಾನು ಚೆನ್ನಾಗಿ ಬೈಸಿಕೊಂಡೆ. ಮಗುವಿನ ಮಾತನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ. ಅತ್ತೆ ಎತ್ತಿದರೆ ಅಜ್ಜಿ ತನ್ನ ತವರಿನ ತೆಲುಗಿನಲ್ಲಿ “ಪೋನೀಲೇಮ್ಮಾ” ಅನ್ನುವಳು, ಹೋಗಲಿ ಬಿಡು ಎಂದು. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಒಂದು ಭಾನುವಾರ ಮಾವ ಚಿಂತಾಮಣಿಯಿಂದ ಒಂದು ಟೀ ಮಗ್ಗು ಹಿಡಿದುಕೊಂಡು ಬಂದರು. ಅದರೊಳಗೆ ಪುಟ್ಟ ಮನಿ ಪ್ಲಾಂಟು. ಕಾಂಪೌಂಡು ಹತ್ತಿ ಹಬ್ಬುವ ದೊಡ್ಡೆಲೆಯ ಜಾತಿಯಲ್ಲ. ಎಲೆಗಳು ಎಳೇ ವೀಳ್ಯದೆಲೆಗಿಂತ ಚಿಕ್ಕವು, ನಡುವೆ ಹಸಿರು, ಅಂಚಿಗೆಲ್ಲ ಬಿಳಿ. ಗೇಣುದ್ದದ ಕಡ್ಡಿಯೊಂದಕ್ಕೆ ದಾರದಲ್ಲಿ ಕಟ್ಟಿದ್ದರು. ಮದುವೆಯಾದ ಹೊಸದರಲ್ಲಿ ಅತ್ತೆಯೇ ಒಂದು ತುಂಡು ನೆಟ್ಟು ಬೆಳೆಸಿದ್ದಂತೆ.

ಅಂದಿನಿಂದ ಅತ್ತೆ ಹಾಸಿಗೆಯಿಂದ ಏಳತೊಡಗಿದಳು. ಒದ್ದೆ ಬಟ್ಟೆಯಿಂದ ಒಂದೊಂದೇ ಎಲೆ ಒರೆಸುವಳು, ಅದರ ಜೊತೆ ಏನೋ ಪಿಸುಗುಡುವಳು. ನನಗೂ ಕೆಲಸ ಹಚ್ಚಿದಳು. ಬೆರಳು ಮಣ್ಣಿಗೆ ಊರಿ ನೋಡಬೇಕು, ಒಣಗಿದ್ದರೆ ಮಾತ್ರ ನೀರು. ಬೆಳಕು ಎಲ್ಲ ಕಡೆಗೂ ಬೀಳುವಂತೆ ದಿನಾ ಬೆಳಿಗ್ಗೆ ಮಗ್ಗನ್ನು ಒಂದಿಷ್ಟು ತಿರುಗಿಸಬೇಕು. ಇದು ಯಾಕೆ ಬೇಗ ಬೆಳೆಯಲ್ಲ ಎಂದು ಕೇಳಿದೆ.

“ಬಿಳಿ ಜಾಗಕ್ಕೆ ತನ್ನ ಊಟ ತಾನು ಮಾಡ್ಕೊಳೋಕೆ ಬರಲ್ಲ ಕಣೇ ಪುಟ್ಟಿ. ಹಸಿರೇ ಎರಡರ ಹೊಟ್ಟೇನೂ ತುಂಬಿಸ್ಬೇಕು. ಅದಕ್ಕೇ ಇದು ನಿಧಾನ,” ಅಂದಳು.

ಆ ಮಳೆಗಾಲ ಬಿಡದೆ ಜಿನುಗಿತು. ನಾಲ್ಕನೇ ಜ್ವರ ಎದ್ದ ಹುಳುಗಳಲ್ಲಿ ಕೆಲವು ಸೆಟೆದು ಸತ್ತವು. ಮಾರನೆಯ ದಿನ ನೋಡಿದರೆ ಸೀಮೆಸುಣ್ಣದ ಚೂರಿನ ಹಾಗೆ ಬೆಳ್ಳಗೆ, ಗಟ್ಟಿ. ಸುಣ್ಣಕಟ್ಟು ರೋಗ. ಅಪ್ಪ ಅವನ್ನು ಆರಿಸಿ ತೆಗೆದು ಸುಟ್ಟ, ಔಷಧಿ ಪುಡಿ ಉದುರಿಸಿದ. ಅಜ್ಜಿ ಮಾತ್ರ ಈ ಬಿಳಿ ಎಲ್ಲಿಂದ ಬಂತೆಂದು ಮನೆಯೆಲ್ಲ ಹುಡುಕುತ್ತ, ಅತ್ತೆಯ ಕಿಟಕಿಯ ಮುಂದೆ ಬಂದು ನಿಂತಳು.

ಅಜ್ಜಿಯನ್ನು ತಪ್ಪೆನ್ನಲಾರೆ. ಹಿಪ್ಪುನೇರಳೆ ಎಲೆಯ ಹಿಂದೆ ಬಿಳಿ ಕಂಡರೆ ಅದು ಬೂದಿ ರೋಗ, ಅಂಥದ್ದನ್ನು ಹುಳುವಿನ ಹತ್ತಿರ ತರಬಾರದು. ಹುಟ್ಟಿದಾಗಿನಿಂದ ಅವಳು ಕಲಿತದ್ದು ಇದೇ. ನನಗೂ ಇದನ್ನೇ ಕಲಿಸಿದ್ದಳು. ಬೂದಿ ಎಲೆ ಹುಡುಕುವುದರಲ್ಲಿ ನನ್ನದು ಹದ್ದಿನ ಕಣ್ಣೆಂದು ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು.

ಅಮ್ಮ ಅತ್ತೆಯನ್ನು ಡಾಕ್ಟರಿಗೆ ತೋರಿಸಲು ಕರೆದೊಯ್ದ ದಿನ ಅಜ್ಜಿ ನನ್ನನ್ನು ಕೂಗಿದಳು. “ಗಿಡ ಎಸೀಬೇಡ, ಪಾಪ. ಬೂದಿ ಬಿದ್ದಿರೋ ಎಲೆ ಮಾತ್ರ ಕಿತ್ತು ಒಲೆಗೆ ಹಾಕು. ಗಿಡಾನೂ ಉಳ್ಕೊಳ್ಳುತ್ತೆ, ಹುಳೂನೂ ಉಳ್ಕೊಳ್ತವೆ.”

ಅತ್ತೆ ಹೇಳಿದ್ದು ನನಗೆ ನೆನಪಿತ್ತು. ಆದರೆ ಎಲೆಯ ವಿಷಯದಲ್ಲಿ ನಮ್ಮ ಮನೆಯಲ್ಲಿ ಅಜ್ಜಿಯದೇ ಕಡೆಯ ಮಾತು. ಕೀಳತೊಡಗಿದೆ. ಬಿಳಿ ಇಲ್ಲದ ಎಲೆ ಒಂದೂ ಇರಲಿಲ್ಲ. ಕೊನೆಗೆ ಕಡ್ಡಿಗೆ ಸುತ್ತಿದ ಬೋಳು ದಂಟು ಉಳಿಯಿತು. ಎಲ್ಲವನ್ನೂ ಒಲೆಗೆ ಹಾಕಿ, ಒಳ್ಳೆಯ ಕೆಲಸ ಮಾಡಿದವಳಂತೆ ಕೈ ತೊಳೆದುಕೊಂಡೆ.

ಸಂಜೆ ಅತ್ತೆ ಬಂದು ಕಿಟಕಿಯ ಮುಂದೆ ನಿಂತಳು. ಅವಳು ಕೇಳುವ ಮೊದಲೇ ನಾನು, ಅದಕ್ಕೆ ರೋಗ ಬಂದಿತ್ತು, ವಾಸಿ ಮಾಡಿದೆ ಎಂದೆ.

“ರೋಗ ಇರ್ಲಿಲ್ಲ ಕಣಮ್ಮ,” ಅಂದಳು ಅತ್ತೆ. “ಅದು ಹುಟ್ಟಿದ್ದೇ ಹಾಗೆ.”

ಆಮೇಲೆ ಬಾಗಿಲಲ್ಲಿ ನಿಂತಿದ್ದ ಅಜ್ಜಿಯ ಕಡೆ ತಿರುಗಿದಳು. ಕೂಗಾಡಲಿಲ್ಲ. “ನನ್ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ಅಮ್ಮ ನಿಂಗೆ? ಅವತ್ತೂ ಕೇಳ್ಲಿಲ್ಲ.”

ಅಜ್ಜಿ ಈ ಸಲ ಪೋನೀಲೇಮ್ಮಾ ಅನ್ನಲಿಲ್ಲ. ಅತ್ತೆ ನೆಲಕ್ಕೆ ಕೂತು ನನ್ನನ್ನು ಹತ್ತಿರ ಎಳೆದುಕೊಂಡಳು. ಅವಳ ರವಿಕೆಯಿಂದ ಬಾಡಿದ ಮಲ್ಲಿಗೆಯ ವಾಸನೆ ಬಂತು.

“ನಿಮ್ಮಪ್ಪ ಮಗೂನ ತಂದಾಗ ನೀನು ಅಂಗಳದಲ್ಲಿ ಆಡ್ತಿದ್ಯಂತೆ. ನೋಡಿದ್ಯಾ?”

ನೋಡಿದ್ದೆ. ಕುಂಟೆಬಿಲ್ಲೆ ಆಡುತ್ತಿದ್ದೆ, ಅಪ್ಪ ಹಾದುಹೋಗುವಾಗ ಮಗುವಿಗೆ ಸುತ್ತಿದ್ದ ಟವೆಲು ಸರಿದು ಪೂರ್ತಿ ಮುಖ ಕಂಡಿತ್ತು. ಅದನ್ನು ಬಾಯಿ ಬಿಡಕೂಡದೆಂದು, ಮುಖ ಹೇಗಿತ್ತೆಂದು ಗೊತ್ತಾದರೆ ಅತ್ತೆ ಯಾವತ್ತಿಗೂ ಮರೆಯಲಾರಳೆಂದು ಅಜ್ಜಿ ನನ್ನಿಂದ ಆಣೆ ಮಾಡಿಸಿಕೊಂಡಿದ್ದಳು. ಈಗ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

“ಇಲ್ಲ ಅತ್ತೆ,” ಎಂದೆ.

ಆ ಬೋಳು ದಂಟು ಸಾಯಲಿಲ್ಲ. ತಿಂಗಳು ಕಳೆದ ಮೇಲೆ ಗೆಣ್ಣೊಂದರಲ್ಲಿ ಸೂಜಿಯಂಥ ಚಿಗುರು ಎದ್ದಿತು, ಬಿಚ್ಚಿಕೊಂಡಾಗ ಅದರ ಅಂಚೂ ಬಿಳಿ. ಅತ್ತೆ ಅದನ್ನು ಎತ್ತಿಕೊಂಡು ಚಿಂತಾಮಣಿಗೆ ಹೋದಳು. ಆ ಮನೆಯಲ್ಲಿ ಈಗ ಅದರ ಸಂತಾನ ಕಿಟಕಿಕಿಟಕಿಯಲ್ಲೂ ಇದೆ. ಅತ್ತೆಗೆ ಮಕ್ಕಳು ಮತ್ತೆ ಆಗಲಿಲ್ಲ. ಅಜ್ಜಿ ಹೋಗಿ ಎಷ್ಟೋ ವರ್ಷವಾಯಿತು. ಹುಳು ಮನೆಯಲ್ಲಿ ಸಿಮೆಂಟ್ ಮೂಟೆ ಇಟ್ಟಿದ್ದಾರೆ. ತೋಟ ಲೇಔಟ್ ಆಗಿ, ಜೆಸಿಬಿ ಬಂದು ಬದುವನ್ನೂ ಸಮ ಮಾಡಿತು. ಇಂಥ ಕಡೆ ಎಂದು ತೋರಿಸಲು ಜಾಗವೂ ಉಳಿದಿಲ್ಲ.

ಮೊನ್ನೆ ಚಿಂತಾಮಣಿಗೆ ಹೋಗಿದ್ದೆ. ಅತ್ತೆ ಎಲೆ ಒರೆಸುತ್ತಿದ್ದಳು. ಇಷ್ಟು ವರ್ಷ ಹೊತ್ತುಕೊಂಡಿದ್ದು ಸಾಕೆನಿಸಿ ಹೇಳಿಬಿಟ್ಟೆ: ಅವತ್ತು ನಾನು ನೋಡಿದ್ದೆ ಅತ್ತೆ, ಸುಳ್ಳು ಹೇಳಿದೆ.

ಅತ್ತೆ ಬಟ್ಟೆ ಕೆಳಗಿಟ್ಟು, ಕುರ್ಚಿ ಎಳೆದುಕೊಂಡು ನನ್ನ ಎದುರಿಗೆ ಕೂತಳು.

“ಹೇಗಿದ್ಲು?”

ನಾನು ಬಾಯಿ ತೆರೆದೆ. ಟವೆಲಿನ ನೀಲಿ ಪಟ್ಟೆ ನೆನಪಿದೆ. ಅಪ್ಪನ ಕಾಲಿಗೆ ಮೆತ್ತಿದ್ದ ಕೆಸರು ನೆನಪಿದೆ. ಮುಖ ಇರಬೇಕಾದ ಕಡೆ ಏನೂ ಇಲ್ಲ. ಯಾವಾಗ ಅಳಿಸಿಹೋಯಿತೋ ಗೊತ್ತಿಲ್ಲ. ಅವತ್ತಿನ ಸುಳ್ಳು ನಿಜವಾಗಿಬಿಟ್ಟಿತ್ತು. ನೆನಪಾಗ್ತಿಲ್ಲ ಅತ್ತೆ ಎನ್ನುವಾಗ ನನಗೆ ಅಳು ಬಂತು.

“ಹೋಗ್ಲಿ ಬಿಡಮ್ಮ,” ಅಂದಳು.

ಆದರೆ ಎದ್ದು ಹೋಗಲಿಲ್ಲ. ಇನ್ನೇನಾದರೂ ನೆನಪಾದೀತೆಂದು ನನ್ನ ಮುಖವನ್ನೇ ನೋಡುತ್ತ ಕೂತಿದ್ದಳು.