ಒಲೆಯಲ್ಲಿ ಹಚ್ಚಿಕೊಟ್ಟ ಬೀಡಿ

ನಾನು ಐದನೇ ಕ್ಲಾಸಿಗೇ ಶಾಲೆ ಬಿಟ್ಟವನು. ಗುಮ್ಮಘಟ್ಟದ ಕಡೆಯಿಂದ ರಾಯದುರ್ಗಕ್ಕೆ ಬಂದು, ಜೀನ್ಸ್ ಪ್ಯಾಂಟಿನ ಸೊಂಟಪಟ್ಟಿ ಹೊಲಿಯೋದರಲ್ಲಿ ಇವನ ಸಮ ಯಾರೂ ಇಲ್ಲ ಅನ್ನಿಸಿಕೊಂಡಿದ್ದೆ. ಮಷಿನ್ ಮನೆಯಲ್ಲೇ ಇತ್ತು. ಪೆಡಲ್ ಮೇಲಿಂದ ಕಾಲು ತೆಗೆಯದೆ "ಒಂದು ಬೀಡಿ" ಅಂದರೆ ಸಾಕು, ಹೆಂಡತಿ ಒಲೆಯ ಕೆಂಡಕ್ಕೆ ತಾಗಿಸಿ, ತಾನೇ ಎರಡು ದಮ್ಮೆಳೆದು, ಚೆನ್ನಾಗಿ ಹತ್ತಿದ ಮೇಲೆ ಕೈಗೆ ಕೊಡುತ್ತಿದ್ದಳು. ಕುರಿ ಕಾಯುವ ಮನೆಯ ಮಗಳು. ಅಪ್ಪನಿಗೂ ಹೀಗೇ ಹಚ್ಚಿಕೊಟ್ಟು ಬೆಳೆದವಳು. ನಮ್ಮಲ್ಲಿ ಅದನ್ನು ಯಾರೂ ಸೇದೋದು ಅನ್ನುತ್ತಿರಲಿಲ್ಲ.

ಅವಳು ಬಸುರಾಗಿ ಆರು ತಿಂಗಳಾದಾಗ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಹೊಟ್ಟೆಯ ಮೇಲೆ ಟೇಪು ಹಿಡಿದು ನೋಡಿದರು.

"ತಿಂಗಳಿಗೆ ತಕ್ಕಂಗ ಬೆಳೆದಿಲ್ಲ. ಬೀಡಿ, ಹೊಗೆಸೊಪ್ಪು ಏನರ ಐತೇನಮ್ಮ?"

"ಇಲ್ರಿ. ಇವರಿಗೆ ಹಚ್ಚಿಕೊಡ್ತೀನಿ, ಅಷ್ಟರಿ."

"ದಿನಕ್ಕ ಎಷ್ಟು?"

"ಹತ್ತು ಹನ್ನೆರಡು."

"ಒಂದೊಂದಕ್ಕ ಎಷ್ಟು ದಮ್ಮು?"

ಅವಳು ನನ್ನ ಮುಖ ನೋಡಿದಳು. "ಎರಡ್ರಿ. ಈಗೀಗ ನಾಕು."

ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಡಾಕ್ಟರಮ್ಮ ಬೈಯಲಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡು, ಹೊಗೆ ಕೂಸಿನ ಊಟ ಕಸೀತೈತಿ, ಇವತ್ತು ಬಿಟ್ಟರೂ ಕೂಸಿಗೆ ಲಾಭನೇ ಅಂದರು. "ಆಸೆ ಬಂದಾಗ ನೀರು ಕುಡಿ, ನಾಕು ಶೇಂಗಾ ಬಾಯಾಗ ಹಾಕ್ಕೋ, ಹತ್ತು ನಿಮಿಷ ತಡಿ. ತಪ್ಪಿ ಎಳೆದರ ಮುಚ್ಚಿಡಬ್ಯಾಡ, ಬಂದು ಹೇಳು." ಆಮೇಲೆ ನನ್ನ ಕಡೆ ತಿರುಗಿದರು. "ನಿಮ್ಮ ಕೈ ಎರಡೂ ಚೊಲೋ ಅದಾವಲ್ರಿ. ಬೀಡಿ ಹಚ್ಚಾಕ ಆಕಿ ಬಾಯಿ ಯಾಕ ಬೇಕು? ಆ ಹೊಗೀನೇ ಮನಿಯಾಗ ಬ್ಯಾಡ್ರಿ."

ಮನೆ ಮುಟ್ಟಿದವನೇ ಬೀಡಿಕಟ್ಟನ್ನು ಒಲೆಗೆ ಹಾಕಿದೆ.

"ದುಡಿದದ್ದು ಸುಡ್ತೀರೇನ್ರಿ?" ಅಂದಳು.

"ಇಷ್ಟು ದಿನ ಮಾಡಿದ್ದೂ ಅದನ್ನೇ ಅಲ್ಲೇನು?"

ನನಗೆ ನಾಲ್ಕು ದಿನ ತಲೆ ಸಿಡಿಯಿತು, ಹೊಲಿಗೆ ಸೊಟ್ಟಗೆ ಓಡಿತು. ಅವಳ ಸೆರಗಿನ ಗಂಟಲ್ಲಿ ಸದಾ ಶೇಂಗಾ. ಮುಂದಿನ ವಾರ ಡಾಕ್ಟರಮ್ಮನ ಮುಂದೆ ತಾನೇ ಒಪ್ಪಿಕೊಂಡಳು: "ಪಕ್ಕದ ಮನಿ ಅಜ್ಜಿಗೆ ಒಂದ್ಸಲ ಹಚ್ಚಿಕೊಟ್ಟೆನ್ರಿ."

"ಅಜ್ಜಿಗೆ ಒಂದು ಬೆಂಕಿಪೊಟ್ಟಣ ಕೊಡಿಸಿ," ಅಂದರು ನನಗೆ. ಕೊಡಿಸಿದೆ.

ಏಳನೇ ತಿಂಗಳಲ್ಲಿ ಮತ್ತೆ ಟೇಪು ಹಿಡಿದಾಗ ಡಾಕ್ಟರಮ್ಮನಿಗಿಂತ ಮೊದಲು ನಾನೇ ಓದಿದೆ. ಟೇಪು ನನ್ನ ಕಸುಬಲ್ಲವೇ. ಅಳತೆ ಏರಿತ್ತು, ತಿಂಗಳಿಗೆ ತಕ್ಕಷ್ಟು. ನನ್ನ ಮುಖ ಕಂಡು ಮಂಚದಿಂದಲೇ ಅವಳು ಕೇಳಿದಳು: "ಯಾಕ್ರಿ, ಹೆಚ್ಚಾಗೈತೇನು? ಬಿಚ್ಚಿ ಹೊಲೀತೀರೇನು?"

ಅದಾಗಿ ಎರಡು ತಿಂಗಳಿಗೆ ತುಂಬು ತೂಕದ ಮಗಳು ಹುಟ್ಟಿದಳು. ನನ್ನ ಮಷಿನ್ ಪಕ್ಕದಲ್ಲೇ ಬೆಳೆದಳು. ಒಂದು ಬೀಡಿ ಹಚ್ಚಿ ತಾ ಅಂತ ಅವಳಿಗೆ ನಾನು ಯಾವತ್ತೂ ಹೇಳಿಲ್ಲ.