ಗೋಡೆಗೆ ತಾಗದ ಕಟ್ಟೆ

ನನಗೆ ಬರುವ ವಿದ್ಯೆ ಒಂದೇ, ಬೇರೆಯವರ ದನಿ ತೆಗೆಯುವುದು. ಕಲಬುರ್ಗಿ ಬಜಾರಿನಲ್ಲಿ ನಾನು ಕೆಲಸಕ್ಕಿರುವ ಬಟ್ಟೆ ಅಂಗಡಿಯಲ್ಲಿ ಸಾಹುಕಾರರು ಊಟಕ್ಕೆ ಎದ್ದರೂ ಅವರ ದನಿ ಗಲ್ಲಾಪೆಟ್ಟಿಗೆಯ ಹಿಂದೆ ಕೂತೇ ಇರುತ್ತದೆ. ನನ್ನ ಸ್ವಂತ ದನಿ ಯಾವುದಪ್ಪಾ ಎಂದು ಯಾರಾದರೂ ಕೇಳಿದರೆ ಮಾತ್ರ ನನಗೆ ಕೆಮ್ಮು ಬರುತ್ತದೆ.

ಕಮಲಾಪುರದ ಮನೆಯಲ್ಲಿ ಈ ವಿದ್ಯೆಗೆ ಸಿಕ್ಕಿಬೀಳುವವಳು ನಮ್ಮ ಆಯಿ, ಅಪ್ಪನ ತಾಯಿ. ನಮ್ಮ ಹಿತ್ತಲಿಗೂ ಪಕ್ಕದ ಮನೆಗೂ ನಡುವೆ ಎದೆಮಟ್ಟದ ಕಲ್ಲುಗೋಡೆ ಇದೆ. ಗೋಡೆ ಪಕ್ಕದವರದು, ಅರಳೆ ಹಿಂಜಿ ಗಾದಿ ಹೊಲಿಯುವ ಚಾಚಾನ ಅಪ್ಪ ಕಟ್ಟಿಸಿದ್ದು. ದಿನಾ ಮುಂಜಾನೆ ಚಾಚಾ ಅದರ ಮೇಲೆ ಗದ್ದ ಇಟ್ಟು, ಗಂಟಲಲ್ಲಿದ್ದ ಅರಳೆಯನ್ನೆಲ್ಲ ಒಮ್ಮೆ ಕೆರೆದು ಕೇಳುತ್ತಿದ್ದ: "ಆಯೀ, ಚಾ ಅದನೋ, ಬರೇ ಬೈಗುಳ ಅದನೋ?"

"ಎರಡೂ ಅವ. ಯಾವುದು ಮೊದ್ಲ ಕುಡೀತಿ?" ಎನ್ನುತ್ತಿದ್ದಳು ಆಯಿ.

ನಿಜಾಮನ ಕೊನೆಗಾಲದ ರಜಾಕಾರರ ಗದ್ದಲದಲ್ಲಿ ನಾವು ಮನೆ ಬಿಟ್ಟು ಸೊಲ್ಲಾಪುರದ ಕಡೆ ನೆಂಟರಲ್ಲಿಗೆ ಓಡಿದಾಗ ನಮ್ಮ ಮನೆಯ ಕೀಲಿ ಇದ್ದದ್ದು ಚಾಚಾನ ಸೊಂಟದಲ್ಲಿ. ತಿರುಗಿ ಬಂದು ನೋಡಿದರೆ ನಮ್ಮ ಎಮ್ಮೆ ನಮಗಿಂತ ಸುಖವಾಗಿತ್ತು. ಭಾರತದ ಸೈನ್ಯ ಬಂದು ಪೊಲೀಸ್ ಆಕ್ಷನ್ ಆದ ಮೇಲೆ ಓಡುವ ಪಾಳಿ ಅವನಂಥ ಮುಸಲ್ಮಾನರದಾಯಿತು. ಹೈದರಾಬಾದಿನಲ್ಲಿ ಹೆಂಡತಿಯ ಅಣ್ಣನ ಹತ್ತಿರ ಇರುತ್ತೇನೆ, ಜೋಳ ರಾಶಿಯಾಗುವ ಹೊತ್ತಿಗೆ ಬರುತ್ತೇನೆ ಎಂದು ತನ್ನ ಕೀಲಿಯನ್ನು ಆಯಿಯ ಕೈಯಲ್ಲಿಟ್ಟು ಹೋದ. ಆ ವರ್ಷದ ರಾಶಿ ಆಯಿತು, ಮರುವರ್ಷದ್ದೂ ಆಯಿತು. ಚಾಚಾ ಬರಲಿಲ್ಲ.

ಅಷ್ಟರಲ್ಲಿ ಆಯಿಯ ಮೊಣಕಾಲು ಸೋತವು. ನೆಲಕ್ಕೆ ಕೂತರೆ ಏಳಿಸಲು ಇಬ್ಬರು ಬೇಕು. ಹಿತ್ತಲಿನ ಎರೆಮಣ್ಣಿನಲ್ಲಿ ಮಣ್ಣಿನ ಕಟ್ಟೆ ಪ್ರತಿ ಬೇಸಿಗೆ ಬಿರುಕು ಬಿಡುತ್ತಿತ್ತು. ಕಲ್ಲಿನದಾದರೆ ಚಳಿಗಾಲದಲ್ಲಿ ಅವಳ ಎಲುಬು ಅಳುತ್ತಿದ್ದವು. ಗೋಡೆಯ ಪಕ್ಕ, ಕಾಲು ಇಳಿಬಿಟ್ಟು ಕೂಡುವಷ್ಟು ಎತ್ತರದ ಒಂದು ಹಲಗೆಯ ಕಟ್ಟೆ ಮಾಡಿಸೋಣ ಎಂದು ನಿಶ್ಚಯವಾಯಿತು. ಊರ ಬಡಿಗ ಹೇಳಿದಂತೆ ಕಲಬುರ್ಗಿ ಕೋಟೆಯ ಹತ್ತಿರದ ಕಟ್ಟಿಗೆ ಅಡ್ಡೆಯಲ್ಲಿ ಎರಡು ತೊಲೆ, ಹಲಗೆಗಳು, ಎರಡು ಗಿಡ್ಡ ಕಾಲು ಕೊಂಡು ಬಸ್ಸಿನ ತಲೆಯ ಮೇಲೆ ಹೇರಿಸಿದೆ.

"ಮಂಚ ಒಯ್ಯಾಕತ್ತೀಯೇನು ತಮ್ಮಾ? ಲಗ್ನ ಆಗ್ಯಾದೇನು?" ಎಂದ ಕಂಡಕ್ಟರ್.

"ಕಾಲು ಎರಡೇ ಅವ ನೋಡ್ರೀ. ಅರ್ಧ ಲಗ್ನ ಆಗ್ಯಾದ," ಎಂದೆ. ಮಹಾಗಾಂವ ದಾಟುವ ತನಕ ಅವನು ಹೊಸದಾಗಿ ಹತ್ತಿದವರಿಗೆಲ್ಲ ಅದನ್ನೇ ಹೇಳಿದ, ನನಗಿಂತ ಚೆನ್ನಾಗಿ.

ಕಾಲು ಎರಡೇ ಯಾಕೆಂದು ನಾನು ಕೇಳಿರಲಿಲ್ಲ. ಮುಂದಿನ ಅಂಚಿಗೆ ಕಾಲು, ಹಿಂದಿನ ಅಂಚು ಗೋಡೆಯೊಳಗೆ; ಎಲ್ಲರೂ ಮಾಡುವುದೇ ಹಾಗೆ. ಬಡಿಗ ಗೋಡೆಯ ಮೇಲೆ ಎರಡು ಗುರುತು ಹಾಕಿ ಉಳಿ ಎತ್ತಿದ.

"ಏನ್ ಮಾಡಾಕತ್ತಿ?" ಬಾಗಿಲಿನಿಂದ ಆಯಿ ಕೇಳಿದಳು.

"ತೊಲಿ ಕೂಡ್ಸಾಕ ಕಿಂಡಿ ಹೊಡ್ಯಾಕತ್ತೀನ್ರೀ."

"ಯಾರ ಗ್ವಾಡ್ಯಾಗ?"

ಬಡಿಗನ ಉಳಿ ಅಲ್ಲೇ ನಿಂತಿತು. ಯಾರ ತೊಲೆ ಗೋಡೆಯಲ್ಲಿ ಕೂತಿದೆಯೋ ಅವನಿಗೆ ಆ ಗೋಡೆಯಲ್ಲಿ ಪಾಲು, ಇದು ನಮ್ಮ ಕಡೆಯ ರೂಢಿ. ಬಡಿಗನಿಗೂ ಅದು ಗೊತ್ತು.

"ಅವ ಬರಂಗಿಲ್ಲ ಬಿಡ್ರೀ ಆಯಿ," ಎಂದ ಮೆಲ್ಲಗೆ. "ನೀವು ಇಡಲಿಲ್ಲಂದ್ರ ಮತ್ತೊಬ್ಬ ಯಾವನರೇ ಇಡ್ತಾನ."

"ಇಟ್ರ ಅದು ಅವನ ಕರ್ಮ. ನಮ್ಮ ಮನಿ ಕೀಲಿ ಇಟ್ಕೊಂಡಾಗ ಅವ ನಮ್ಮ ಗ್ವಾಡಿಗಿ ಒಂದು ಮೊಳಿ ಬಡದಿದ್ದನೇನು? ನಾನ ತೊಲಿ ಚುಚ್ಚಿದ್ರ, ಅವ ಬರೂ ದಾರಿಗಿ ನಾನೇ ಅಡ್ಡ ಬಿದ್ದಂಗ."

"ಇದು ಎರಿಮಣ್ಣು ರೀ. ಮಳ್ಯಾಗ ಉಬ್ಬತದ, ಬ್ಯಾಸಗ್ಯಾಗ ಬಾಯಿ ತೆಗೀತದ. ಗ್ವಾಡಿ ಹಿಡ್ಕೊಳ್ಳಲಿಲ್ಲಂದ್ರ ನಿಮ್ಮ ಕಟ್ಟಿ ಕುಡದವನಂಗ ಓಲಾಡ್ತದ."

"ಓಲಾಡ್ಲಿ. ನಾ ಏನು ನೆಟ್ಟಗ ನಡೀತೀನೇನು?"

ಬಡಿಗ ನನ್ನತ್ತ ನೋಡಿದ. ನಾನು ಗಂಟಲು ಸರಿಮಾಡಿಕೊಂಡು ಅವನದೇ ದನಿಯಲ್ಲಿ, "ಏನ್ ಮಾಡೂದ್ರೀ, ಮುದುಕಿ ಮಾತು ಕೇಳಬೇಕ್ರೀ," ಎಂದೆ. ಅದಕ್ಕೆ ಪ್ರತಿಫಲವಾಗಿ ಹಾರೆ ನನ್ನ ಕೈಗೆ ಬಂತು. ಕರಿಮಣ್ಣು ತೆಗೆದು ಕೆಳಗಿನ ಗಟ್ಟಿ ಗರಸು ಸಿಗುವ ತನಕ ನಾಲ್ಕು ಮೂಲೆಯಲ್ಲೂ ಅಗೆದೆ. ಬಟ್ಟೆ ಅಳೆಯುವ ಗಜ ಬಿಟ್ಟು ಬೇರೇನನ್ನೂ ಹಿಡಿಯದ ಕೈ, ಬೊಬ್ಬೆ ಎದ್ದು ಹೋಯಿತು. ಗುಂಡಿಗಳಲ್ಲಿ ಚಪ್ಪಟೆ ಪರಸಿ ಕಲ್ಲಿನ ತುಂಡುಗಳನ್ನು ಒಂದರ ಮೇಲೊಂದು ಜೋಡಿಸಿ, ಮುಂದಿನ ಎರಡರ ಮೇಲೆ ಕಾಲು ನಿಲ್ಲಿಸಿದೆವು. ಗೋಡೆಯ ಬದಿಗೆ ಏನಿಡುವುದು? ಆಯಿ ಮೂಲೆಯಲ್ಲಿದ್ದ ಬೀಸುಕಲ್ಲು ತೋರಿಸಿದಳು. ಊರಿಗೆ ಹಿಟ್ಟಿನ ಗಿರಣಿ ಬಂದ ಮೇಲೆ ಅದಕ್ಕೂ ಕೆಲಸ ಇರಲಿಲ್ಲ. ಮೇಲಿನ ಕಲ್ಲು ಒಂದು ಮೂಲೆಗೆ, ಕೆಳಗಿನದು ಇನ್ನೊಂದಕ್ಕೆ, ಕಡಿಮೆ ಬಿದ್ದ ಎತ್ತರಕ್ಕೆ ಮತ್ತೆ ಪರಸಿ. ಅದರ ಮೇಲೆ ತೊಲೆ, ತೊಲೆಯ ಮೇಲೆ ಹಲಗೆ. ಗೋಡೆಗೂ ಕಟ್ಟೆಗೂ ನಡುವೆ ಒಂದು ಅಂಗೈ ಸಂದು ಬಿಟ್ಟೆವು. "ಗಾಳಿ ಆಡ್ತದ, ಗ್ವಾಡಿ ಥಂಡಿ ಕಟ್ಟಿಗಿಗಿ ಹತ್ತಂಗಿಲ್ಲ," ಎಂದು ಬಡಿಗ ಕೊನೆಗೆ ತಾನೇ ಯೋಚಿಸಿದ್ದೆಂಬಂತೆ ಹೇಳಿದ.

ಆಮೇಲೆ ಆಯಿ ದಿನವಿಡೀ ಕಟ್ಟೆ ಬಿಟ್ಟೇಳುತ್ತಿರಲಿಲ್ಲ. ಆದರೆ ಒಮ್ಮೆಯೂ ಹಿಂದಕ್ಕೆ ಒರಗಲಿಲ್ಲ. ಬೆನ್ನಿಗೆ ಇಷ್ಟು ಹತ್ತಿರ ಗೋಡೆ ಇದ್ದರೂ ನೆಟ್ಟಗೆ ಕೂತು ತೊಗರಿ ಹಸನು ಮಾಡುತ್ತಿದ್ದಳು.

"ತಹಶೀಲ ಕಚೇರಿಗಿ ಬಂದಂಗ ಕುಂತೀಯಲ್ಲ ಆಯಿ?" ಎಂದು ನಾನು ಕೆಣಕಿದರೆ, "ಊರಾಗ ಇಲ್ಲದವರ ಗ್ವಾಡಿಗಿ ಬೆನ್ನ ಹಚ್ಚಬಾರದು," ಎನ್ನುತ್ತಿದ್ದಳು.

ರಜೆಗೆ ಬಂದಾಗಲೆಲ್ಲ ನಾನು ಅವಳ ಹಿಂದಿನಿಂದ ಸುಳಿದು, ಗಂಟಲು ಕೆರೆದು, "ಆಯೀ, ಚಾ ಅದನೋ, ಬರೇ ಬೈಗುಳ ಅದನೋ?" ಎನ್ನುತ್ತಿದ್ದೆ. ಅವಳಿಗೆ ನಾನೆಂದು ಗೊತ್ತು. ಆದರೂ "ಎರಡೂ ಅವ, ಯಾವುದು ಮೊದ್ಲ ಕುಡೀತಿ?" ಎಂದು ಪೂರ್ತಿ ಹೇಳಿ ಮುಗಿಸಿದ ಮೇಲೆಯೇ "ಮಂಗ್ಯಾ" ಎಂದು ಬೈಯುತ್ತಿದ್ದಳು. ಮೊದಲೇ ಬೈದುಬಿಟ್ಟರೆ ನನಗೂ ಹಗುರಾಗುತ್ತಿತ್ತು.

ಹೋದ ಚಳಿಗಾಲದ ಒಂದು ಮುಂಜಾನೆ ಅವಳೆದುರು ಕೂತು ರೊಟ್ಟಿ ತಿನ್ನುತ್ತಿದ್ದೆ. ಗೋಡೆಯ ಕಡೆಯಿಂದ ಗಂಟಲು ಕೆರೆದ ಸದ್ದು ಬಂತು. "ಆಯೀ, ಚಾ ಅದನೋ..."

"ಸಾಕು ಮಾಡು ಮಂಗ್ಯಾ ನಿನ್ನ ನಕಲಿ," ಎಂದಳು ಆಯಿ ತೊಗರಿಯಿಂದ ಕಣ್ಣೆತ್ತದೆ. ಆಮೇಲೆ ಎತ್ತಿದಳು. ನನ್ನ ಬಾಯಲ್ಲಿ ರೊಟ್ಟಿ ತುಂಬಿತ್ತು.

ಚಾಚಾ ಗೋಡೆಯ ಮೇಲೆ ಗದ್ದ ಇಟ್ಟಿದ್ದ. ಗಡ್ಡ ಬೆಳ್ಳಗಾಗಿತ್ತು. ನಾನು ಇಷ್ಟು ದಿನ ತೆಗೆದದ್ದು ಅವನ ಹಳೆಯ ದನಿ, ಈಗಿನದು ತೆಳ್ಳಗಿತ್ತು.

ಅವನು ಕಟ್ಟೆ ನೋಡಿದ, ಬಗ್ಗಿ ಸಂದಿನಲ್ಲಿ ಅಂಗೈ ಇಳಿಬಿಟ್ಟ. "ಇದ್ಯಾಕ ಬಿಟ್ಟೀರಿ?" ಎಂದ. ಆಯಿ ಮತ್ತೆ ತೊಗರಿಗೆ ಬಗ್ಗಿದಳು. ನಾನೇ ಹೇಳಿದೆ. ಅವನು ಬಹಳ ಹೊತ್ತು ಕೈ ತೆಗೆಯಲಿಲ್ಲ.

"ಆಯಿ, ಮನಿ ಮಾರಾಕ ಬಂದೀನಿ," ಎಂದ. "ಮಕ್ಕಳು ಅಲ್ಲೇ ಸಾಲಿಗಿ ಹತ್ಯಾರ. ತಗೊಳ್ಳವ್ರು ನಾಳಿ ಬರ್ತಾರ. ಇವತ್ತೇ ಬಡಿಗನ್ನ ಕರಸು. ನಾನೇ ನಿಂತು ಕಿಂಡಿ ಹೊಡಸ್ತೀನಿ, ತೊಲಿ ಕೂಡ್ಸು. ಮುಂದ ಯಾರೂ ತಕರಾರು ಮಾಡಂಗಿಲ್ಲ."

ಆಯಿ ಎಲೆಯಡಿಕೆಯ ಸಂಚಿಗೆ ಕೈ ಹಾಕಿ ಅವನ ಕೀಲಿ ಹುಡುಕಿದಳು. ಅದು ಯಾವ ಖಾನೆಯಲ್ಲಿದೆಯೆಂದು ಮನೆಯವರಿಗೆಲ್ಲ ಗೊತ್ತಿತ್ತು. ಅವಳು ಎಲ್ಲ ಖಾನೆಯಲ್ಲೂ ಹುಡುಕಿದಳು. ಕೊನೆಗೆ ತೆಗೆದು ಗೋಡೆಯ ಮೇಲಿಟ್ಟಳು.

"ಬ್ಯಾಡ," ಎಂದಳು. "ಕಿಂಡಿ ಬಿದ್ದ ಗ್ವಾಡಿಗಿ ರೊಕ್ಕ ಕಮ್ಮಿ ಬರ್ತದ."

ಚಾಚಾ ಕೀಲಿ ಎತ್ತಿಕೊಂಡ. ನಗಲು ನೋಡಿದ, ಆಗಲಿಲ್ಲ. ಗೋಡೆಯಾಚೆ ಇಳಿದು ಕೂತನೆಂದು ಕಾಣುತ್ತದೆ, ದನಿ ಮಾತ್ರ ಬಂತು: "ಆಯಿ, ನಾಳಿತನಕ ಗ್ವಾಡಿ ನಂದೇ ಅದ. ಬೆನ್ನ ಹಚ್ಚಿ ಕುಂದ್ರು."

ಆಯಿ ತೊಗರಿಯ ಮೊರ ಬದಿಗಿಟ್ಟಳು. ಒಂದೊಂದೇ ಹಲಗೆ ಹಿಂದಕ್ಕೆ ಸರಿದಳು. ಕಟ್ಟೆ ಬೀಸುಕಲ್ಲಿನ ಕಡೆ ಸ್ವಲ್ಪ ಓಲಾಡಿ ನಿಂತಿತು. ಸಂದು ದಾಟಿ ಅವಳ ಬೆನ್ನು ಗೋಡೆಗೆ ಹತ್ತಿತು.

ಆಮೇಲೆ ಗೋಡೆಯಾಚೆ ಗಂಟಲು ಕೆರೆದ ಸದ್ದಾಯಿತು.

ನಾನು ಚಹಾ ಇಡಲು ಒಳಗೆ ಹೋದೆ. ಬೈಗುಳ ಆಗಲೇ ಸುರುವಾಗಿತ್ತು.